ಟಾರ್ಚ್ ಲೆನ್ಸ್ ನೋಡಾಕ ಹರಳಿನಂಗ ಐತಿ, ಬೆಳಕು ಮಾತ್ರ ಉಂಗುರ ಬೀಳ್ತೈತಿ. ಪ್ಲಾಸ್ಟಿಕ್ ಲೆನ್ಸ್ ಮೋಲ್ಡಿಂಗ್ ಮಾಡಿದವರು ಯಾರರ ಅದೀರೇನ್ರಿ?

ಭೋಸರಿ_ಬಸು · ಜುಲೈ 14, ರಾತ್ರಿ 10:40

ನಮಸ್ಕಾರ್ರಿ ಎಲ್ಲಾರಿಗೂ. ನಾ ಅಥಣಿ ಕಡಿಯಾಂವ, ಪುಣೆ ಹತ್ರ ಭೋಸರಿ ಎಮ್‌ಐಡಿಸಿ (ಕೈಗಾರಿಕಾ ವಸಾಹತು) ಒಳಗ ಸಣ್ಣದೊಂದು ಮೋಲ್ಡಿಂಗ್ ಶಾಪ್ ಐತಿ, ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ಒತ್ತೂದು. ಎರಡ ಮಷೀನು, ಅಚ್ಚು ಬಿಗಿ ಹಿಡಿಯೂ ಬಲ ಒಂದರದು 80 ಟನ್ ಇನ್ನೊಂದರದು 150 ಟನ್. ಹನ್ನೊಂದು ವರ್ಷದಿಂದ ಎಬಿಎಸ್, ನೈಲಾನ್ ಇದ್ರಾಗ ಸ್ವಿಚ್ ಕವರ್, ಕ್ಯಾಪ್, ಕ್ಲಿಪ್ ಇಂಥಾವ ಮಾಡ್ಕೋತ ಬಂದೀನಿ. ಈಗ ಒಬ್ಬ ಹಳೇ ಕಸ್ಟಮರ್ ಎಲ್‌ಇಡಿ ಟಾರ್ಚಿನ ಲೆನ್ಸ್ ಕೊಟ್ಟಾನ. ಅಕ್ರಿಲಿಕ್, 35 ಮಿಮೀ ಅಗಲ, ಬಟ್ಟಲಿನಂಗ ಆಕಾರ, ಕೆಳಗ ನಡುವ ಎಲ್‌ಇಡಿ ಕುಂದ್ರಾಕ ಕುಳಿ, ಮ್ಯಾಲ ಸಪಾಟ. ನಡುವ ದಪ್ಪ ಹೆಚ್ಚು ಕಡಿಮಿ 12 ಮಿಮೀ. ಡಿಸೈನ್ ಅವರದ, ಡೈ (ಅಚ್ಚು) ನಂದು.

ಟ್ರಯಲ್ ತಗದ್ವಿ. ಪೀಸ್ ಕೈಯಾಗ ಹಿಡದ್ರ ಏನ್ ಚಂದ ಅಂತೀರಿ, ನೀರಿನಂಗ. ಆದ್ರ ಎಲ್‌ಇಡಿ ಮ್ಯಾಲ ಇಟ್ಟು ಗ್ವಾಡಿಗೆ ಹೊಡದ್ರ ನಡುವ ಕತ್ತಲ, ಸುತ್ತ ಉಂಗುರ, ಉಂಗುರದ ಅಂಚು ಹಳದಿ. ಅವರಿಗೆ ಬೇಕಾಗಿದ್ದು 15 ಡಿಗ್ರಿ ಕೋನದಾಗ ಬೀಳೂ ದುಂಡನ ಸ್ಪಾಟ್. ಮ್ಯಾಲ ಹತ್ತಕ್ಕ ಮೂರು ಪೀಸ್ ಒಳಗ ಗುಳ್ಳಿ. ಡೈ ಮಾಡಿದಾಂವ ಅಂತಾನ ಮೋಲ್ಡಿಂಗ್ ತಪ್ಪು ಅಂತ, ಕಸ್ಟಮರ್ ಅಂತಾನ ಡೈ ತಪ್ಪು ಅಂತ, ನನ್ನ ಆಪರೇಟರ್ ಅಂತಾನ ಮಳಿ ತಪ್ಪು ಅಂತ. ಯಾರ್ ಮಾತು ಕೇಳೂದ್ರಿ?

ಅಚ್ಚಿನಮನೆ · ಜುಲೈ 14, ರಾತ್ರಿ 11:25

ಬಸು ಅವ್ರೇ, ನಿಮ್ಮ ಆಪರೇಟರ್‌ಗೆ ಮೊದ್ಲು ಒಂದು ಚಹಾ ಕೊಡಿಸಿ, ಮೂರು ಜನದಲ್ಲಿ ಅವನೇ ಸ್ವಲ್ಪ ಹತ್ತಿರ ಇದ್ದಾನೆ.

ನಾನು ಮೈಸೂರು ಸಿಪೆಟ್‌ನಲ್ಲಿ (ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸೋ ಸಂಸ್ಥೆ) ಓದಿ, ಚಾಕಣ್ ಕಡೆ ವಾಹನದ ಲ್ಯಾಂಪ್ ಮಾಡೋ ಜಾಗದಲ್ಲಿ ಹದಿನಾರು ವರ್ಷ ಟೂಲಿಂಗ್ ನೋಡಿಕೊಂಡವನು. ಈ ನಾಲ್ಕು ಹೇಳಿ ಮೊದ್ಲು. ದಾಣಾ (ಪ್ಲಾಸ್ಟಿಕ್ ಕಾಳು) ಎಷ್ಟೊತ್ತು, ಎಷ್ಟು ಡಿಗ್ರಿಲಿ, ಎಂಥಾ ಡ್ರೈಯರ್‌ನಲ್ಲಿ ಒಣಗಿಸ್ತೀರಿ? ಮೋಲ್ಡ್ ಟೆಂಪರೇಚರ್ ಎಷ್ಟು, ಅಂದ್ರೆ ಕಂಟ್ರೋಲರ್ ತೋರಿಸೋದಲ್ಲ, ಸ್ಟೀಲ್ ಮೇಲೆ ಪ್ರೋಬ್ ಇಟ್ಟು ನೋಡಿದ್ದು. ಸೈಕಲ್, ಅಂದ್ರೆ ಒಂದು ಪೀಸ್‌ಗೆ ಹಿಡಿಯೋ ಸಮಯ, ಎಷ್ಟು ಸೆಕೆಂಡು? ಗೇಟ್, ಅಂದ್ರೆ ಮಾಲು ಅಚ್ಚಿನೊಳಗೆ ಹೋಗೋ ಬಾಯಿ, ಎಲ್ಲಿದೆ, ದಪ್ಪ ಎಷ್ಟು?

ಭೋಸರಿ_ಬಸು · ಜುಲೈ 15, ಬೆಳಿಗ್ಗೆ 7:10

ಡ್ರೈಯರ್ ಮಾಮೂಲಿ ಹಾಪರ್ ಡ್ರೈಯರ್ರಿ, ಬಿಸಿ ಗಾಳೀದು, 80 ಡಿಗ್ರಿ, ಎರಡು ತಾಸು. ಡೈಗೆ ಚಿಲ್ಲರ್‌ನ ತಣ್ಣೀರು ಬಿಟ್ಟೀನಿ. ಸೈಕಲ್ 48 ಸೆಕೆಂಡು. ಗೇಟ್ ಬಾಜೂಕ ಐತಿ, 1 ಮಿಮೀ, ಕೈಯಿಂದ ಮುರದ್ರ ಚಟ್ ಅಂತ ಬರ್ತೈತಿ, ಗುರುತೂ ಉಳಿಯಂಗಿಲ್ಲ. ಅದನ್ನ ನಾನ ಹೇಳಿ ಸಣ್ಣದ ಮಾಡಿಸೀನಿ.

ಅಚ್ಚಿನಮನೆ · ಜುಲೈ 15, ಬೆಳಿಗ್ಗೆ 9:30

ಸರಿ, ನಾಲ್ಕಕ್ಕೆ ನಾಲ್ಕೂ ಕೆಟ್ಟಿದೆ, ಬೇಜಾರು ಮಾಡ್ಕೋಬೇಡಿ, ನಾನೂ ಮೊದಲ ಲೆನ್ಸ್‌ನಲ್ಲಿ ಇದನ್ನೇ ಮಾಡಿದ್ದು.

ಗೇಟಿಂದ ಶುರು ಮಾಡೋಣ, ನೀವು ಹೆಮ್ಮೆಯಿಂದ ಹೇಳಿದ್ದೇ ಅದು ಅಲ್ವಾ. ಸ್ವಿಚ್ ಕವರ್ ಗೋಡೆ 2 ಮಿಮೀ, ಅದಕ್ಕೆ 1 ಮಿಮೀ ಗೇಟ್ ಸಾಕು. ಇಲ್ಲಿ ನಡುವೆ 12 ಮಿಮೀ ಕರಗಿದ ಅಕ್ರಿಲಿಕ್ ಕೂತಿದೆ, ಅದು ತಣ್ಣಗಾಗ್ತಾ ಕುಗ್ಗುತ್ತೆ, ಕುಗ್ಗಿದಷ್ಟು ಮಾಲು ಹಿಂದಿನಿಂದ ಪ್ರೆಷರಲ್ಲಿ ತುಂಬ್ತಾ ಇರಬೇಕು. ನಿಮ್ಮ ಗೇಟು ಮೂರ್ನಾಲ್ಕು ಸೆಕೆಂಡಲ್ಲೇ ಗಟ್ಟಿಯಾಗಿ ಬಾಗಿಲು ಹಾಕ್ಕೊಂಡುಬಿಡುತ್ತೆ. ಆಮೇಲೆ ನೀವು ಹೋಲ್ಡಿಂಗ್ ಪ್ರೆಷರ್ ಎಷ್ಟು ಕೊಟ್ಟರೂ ಅದು ರನ್ನರ್‌ಗೆ, ಅಂದ್ರೆ ಗೇಟಿನ ಹಿಂದಿನ ಕಾಲುವೆಗೆ ಮಾತ್ರ. ಒಳಗಿನ ಮಾಲು ಕುಗ್ಗೋಕೆ ಎರಡೇ ದಾರಿ, ಹೊರಗಿನ ಚರ್ಮ ಮೆತ್ತಗಿದ್ರೆ ಅದನ್ನ ಒಳಕ್ಕೆ ಎಳ್ಕೊಳ್ಳುತ್ತೆ, ಅದೇ ಸಿಂಕು. ಚರ್ಮ ಗಟ್ಟಿಯಾಗಿದ್ರೆ ಒಳಗೇ ಹರಿದು ಖಾಲಿ ಜಾಗ ಆಗುತ್ತೆ, ಅದೇ ನಿಮ್ಮ ಗುಳ್ಳೆ. ಚಿಲ್ಲರ್ ನೀರು ಬಿಟ್ಟಿದ್ದೀರಲ್ಲ, ಚರ್ಮ ಬೇಗ ಗಟ್ಟಿಯಾಯ್ತು, ಗುಳ್ಳೆ ಬಂತು.

ಆದ್ರೆ ಗುಳ್ಳೆ ತೇವದಿಂದಾನೂ ಬರಬಹುದು, ಆವಿ ಗುಳ್ಳೆ. ಯಾವುದು ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಇದೆ. ಗುಳ್ಳೆ ಇರೋ ಪೀಸನ್ನ ಓವನ್‌ನಲ್ಲಿಟ್ಟು ಮೆತ್ತಗಾಗೋವರೆಗೆ ಬಿಸಿ ಮಾಡಿ. ಗುಳ್ಳೆ ಕುಗ್ಗಿ ಮಾಯ ಆದ್ರೆ ಒಳಗೆ ಏನೂ ಇರಲಿಲ್ಲ, ಬರೀ ಖಾಲಿ. ದೊಡ್ಡದಾದ್ರೆ ಒಳಗೆ ಆವಿ ಇದೆ. ಅಡುಗೆಮನೆ ಓವನ್ ಬೇಡ, ಮನೆಯವರು ಬೈತಾರೆ.

ಕಲಬುರ್ಗಿ_ಬಿಸಿಲು · ಜುಲೈ 15, ಬೆಳಿಗ್ಗೆ 10:05

ನಾ ಹಿಂಜವಡಿಯಾಗ ಕಂಪ್ಯೂಟರ್ ಮುಂದ ಕುಂದ್ರಾಂವ, ನಂಗ ಇದರಾಗಿಂದು ಏನೂ ತಿಳಿಯಂಗಿಲ್ಲ, ಆದ್ರೂ ಕೇಳ್ತೀನಿ. ಇಂಥಾ ಲೆನ್ಸ್ ಚೀನಾದಿಂದ ಬಂದಾವ, ಪುಣೆದ ತಪಕೀರ್ ಗಲ್ಲಿ ಎಲೆಕ್ಟ್ರಿಕ್ ಬಜಾರದಾಗ ಚೀಲಗಟ್ಟಲೆ ಸಿಗ್ತಾವ. ಬಸು ಅಣ್ಣಾರು ಯಾಕ ಮೈಮ್ಯಾಲ ಹಾಕ್ಕೊಂಡ್ರು?

ವಕ್ರೀಭವನ · ಜುಲೈ 15, ಮಧ್ಯಾಹ್ನ 1:15

ಇದು ತಮಾಷೆ ಪ್ರಶ್ನೆ ಅಲ್ಲ, ನಾನು ನನ್ನ ಕ್ಲೈಂಟ್‌ಗಳಿಗೆ ಮೊದಲು ಕೇಳೋದೇ ಇದನ್ನ. 15 ಡಿಗ್ರಿ ಸ್ಪಾಟ್ ಮಾಮೂಲಿ ಕೋನ, ರೆಡಿ ಲೆನ್ಸ್ ಸಿಗುತ್ತೆ. ಸಿಗೋದು ನಡೆಯುತ್ತೆ ಅಂದ್ರೆ ಡೈ ಮಾಡಿಸೋದೇ ದುಂದು. (ನಾನು ಬಾಣೇರ್‌ನಲ್ಲಿರೋದು, ಎಲ್‌ಇಡಿ ಲೆನ್ಸ್ ಡಿಸೈನ್ ಮಾಡ್ತೀನಿ, ಊರು ಶಿವಮೊಗ್ಗ.)

ಬಸು ಅವರೇ, ಒಂದು ವಿಷಯ. ನಿಮ್ಮ ಮೂರು ತೊಂದರೆನೂ ಒಂದೇ ಕಾರಣಕ್ಕೆ ಅಂತ ಎಲ್ಲರೂ ಅಂದ್ಕೊಂಡಿದ್ದೀರ. ಗುಳ್ಳೆ ಮೋಲ್ಡಿಂಗ್‌ದು, ಒಪ್ಪಿದೆ. ಹಳದಿ ಅಂಚು ಮಾತ್ರ ಬಹುತೇಕ ನಿಮ್ಮದಲ್ಲ, ಎಲ್‌ಇಡಿದೇ. ಬಿಳಿ ಎಲ್‌ಇಡಿ ಅಂದ್ರೆ ನೀಲಿ ಚಿಪ್ ಮೇಲೆ ಹಳದಿ ಫಾಸ್ಫರ್, ಓರೆಯಾಗಿ ಹೊರಡೋ ಬೆಳಕು ಫಾಸ್ಫರ್ ಒಳಗೆ ಉದ್ದ ದಾರಿ ಸಾಗುತ್ತೆ, ಹಾಗಾಗಿ ಪಕ್ಕದಿಂದ ನೋಡಿದ್ರೆ ಹಳದಿ ಜಾಸ್ತಿ. ಲೆನ್ಸ್ ಆ ಪಕ್ಕದ ಬೆಳಕನ್ನೇ ಹಿಡಿದು ಅಂಚಿಗೆ ಕಳಿಸಿದ್ರೆ ಹಳದಿ ಬಳೆ ಬರುತ್ತೆ. ಮೇಲಿನ ಸಪಾಟ ಮುಖಕ್ಕೆ ತೆಳುವಾದ ಟೆಕ್ಸ್ಚರ್ ಅಥವಾ ಸಣ್ಣ ಸಣ್ಣ ದಿಂಬಿನಂಥ ಉಬ್ಬು ಕೊಟ್ರೆ ಎಲ್ಲಾ ಬೆರೆತು ಹೋಗುತ್ತೆ, ಸ್ಪಾಟ್ ಒಂದೆರಡು ಡಿಗ್ರಿ ಅಗಲ ಆಗುತ್ತೆ ಅಷ್ಟೇ. ಡಿಸೈನ್ ಮಾಡಿದವರು ಇದನ್ನ ಬಿಟ್ಟಿದ್ದಾರೆ.

ನಡುವೆ ಕತ್ತಲು, ಸುತ್ತ ಉಂಗುರ ಇದೆಯಲ್ಲ, ಅದಕ್ಕೆ ಎರಡು ಅನುಮಾನ. ಮೊದಲನೇದು ಎಲ್‌ಇಡಿ ಎತ್ತರ ಸರಿಯಿಲ್ಲ. ವಿಸಿಟಿಂಗ್ ಕಾರ್ಡ್ ಕತ್ತರಿಸಿ ಲೆನ್ಸ್ ಕಾಲಿನ ಕೆಳಗೆ ಒಂದು ಪದರ, ಎರಡು ಪದರ ಅಂತ ಇಟ್ಟು ಗೋಡೆ ನೋಡಿ, ಆಮೇಲೆ ಕಾಲು ಒಂಚೂರು ಉಜ್ಜಿ ಕೆಳಗಿಳಿಸಿ ನೋಡಿ. ಇಂಥ ಸಣ್ಣ ಲೆನ್ಸಲ್ಲಿ ಒಂದು ಕಾರ್ಡಿನ ದಪ್ಪಕ್ಕೇ ಉಂಗುರ ಸ್ಪಾಟ್ ಆಗೋದು, ಸ್ಪಾಟ್ ಉಂಗುರ ಆಗೋದು ಎರಡೂ ನಡೆಯುತ್ತೆ.

ಎರಡನೇದು ಬಟ್ಟಲಿನ ಪಕ್ಕದ ಗೋಡೆ. ಅಲ್ಲಿ ಬೆಳಕು ಕನ್ನಡಿ ಇಲ್ಲದೇ ಒಳಗೇ ಪ್ರತಿಫಲಿಸೋದು, ಅಕ್ರಿಲಿಕ್‌ಗೆ ವಕ್ರೀಭವನಾಂಕ (ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) 1.49, ಅಂದ್ರೆ ಲಂಬದಿಂದ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಡಿದ್ರೆ ಪೂರ್ತಿ ವಾಪಸ್. ಈಗ ಲೆಕ್ಕ ನೋಡಿ. ಸಿಂಕಿನಿಂದ ಆ ಗೋಡೆ 1 ಡಿಗ್ರಿ ವಾಲಿದ್ರೆ ಪ್ರತಿಫಲಿಸಿದ ಕಿರಣ 2 ಡಿಗ್ರಿ ತಿರುಗುತ್ತೆ. ಅದು ಮೇಲಿನ ಮುಖದಿಂದ ಗಾಳಿಗೆ ಬರುವಾಗ ಮತ್ತೆ 1.49 ಪಟ್ಟು, ಸುಮಾರು 3 ಡಿಗ್ರಿ. ಒಂದು ಡಿಗ್ರಿ ವಾಲಿದ್ದು ನಿಮ್ಮ ಕಣ್ಣಿಗೂ ಕಾಣಲ್ಲ, ಕ್ಯಾಲಿಪರ್‌ಗೂ ಸಿಗಲ್ಲ. ಬೆಳಕಿಗೆ ಸಿಗುತ್ತೆ. 15 ಡಿಗ್ರಿ ಸ್ಪಾಟಲ್ಲಿ ಎರಡೂ ಕಡೆ ಮೂರು ಮೂರು ಹೋದ್ರೆ ಏನುಳೀತು?

ಭೋಸರಿ_ಬಸು · ಜುಲೈ 15, ರಾತ್ರಿ 9:50

ಮೇಡಮ್ಮಾರ, ಕಾರ್ಡ್ ಹಚ್ಚಿ ನೋಡಿದ್ನಿ. ಒಂದು ಪದರ ಇಟ್ರ ಉಂಗುರ ಇನ್ನ ದೊಡ್ಡದಾತು. ಆಮ್ಯಾಲ ಉಲ್ಟಾ, ಕಾಲು ಪಾಲಿಷ್ ಪೇಪರಿಗೆ ತಿಕ್ಕಿ ಕೆಳಗ ತಂದ್ನಿ, ಕತ್ತಲ ಅರ್ಧ ಹೋತು! ಪೂರ್ತಿ ಹೋಗ್ಲಿಲ್ಲ. ಮತ್ತ ಅಚ್ಚಿನಮನೆ ಅಣ್ಣಾರ, ಗುಳ್ಳಿ ಪೀಸ್ ಓವನ್ನಾಗ ಇಟ್ರ ನಾಲ್ಕರಾಗ ಮೂರು ಗುಳ್ಳಿ ಮಾಯ, ಒಂದು ಉಬ್ಬಿ ಪೂರಿ ಆತು. ಅಂದ್ರ ಎರಡೂ ಅದಾವ ಅಂದಂಗಾತು.

ಕಲಬುರ್ಗಿ ತಮ್ಮಾ, ರೆಡಿ ಲೆನ್ಸ್ ಮೊದಲ ತೋರಿಸೀನಿ ಅವಂಗ. ಅವನ ಹೌಸಿಂಗ್ ಒಳಗ ಮೂರು ಕಾಲಿಂದು ಕುಂದ್ರಬೇಕು, ಅಂಥಾದ್ದು ಸಿಗವಲ್ಲದು.

ವಸಾಯಿ_ಶೆಟ್ರು · ಜುಲೈ 16, ಬೆಳಿಗ್ಗೆ 11:00

ನಾನು ಮುಂಬೈ ಕಡೆ, ವಸಾಯಿಯಲ್ಲಿ ಟೂಲ್‌ರೂಮ್ ಉಂಟು, ಊರು ಕಾರ್ಕಳ. ಎಲ್ಲ ಮೋಲ್ಡಿಂಗ್ ಮೋಲ್ಡಿಂಗ್ ಅಂತ ಹೇಳ್ತಾ ಇದ್ದೀರಿ, ಡೈ ಪಾಲಿಷ್ ಹೇಗೆ ಮಾಡಿದ್ದು ಅಂತ ಯಾರೂ ಕೇಳ್ಲಿಲ್ಲ ಮಾರಾಯ್ರೆ. ಸ್ಟೀಲ್ ಯಾವುದು? ಪಿ-20 (ಮಾಮೂಲಿ ಡೈ ಸ್ಟೀಲ್) ಹಾಕಿದ್ರೆ ಅದರಲ್ಲಿ ಲೆನ್ಸ್ ಫಿನಿಶ್ ಬರುದಿಲ್ಲ, ಎಷ್ಟು ಉಜ್ಜಿದ್ರೂ ಆರೆಂಜ್ ಪೀಲ್, ಕಿತ್ತಳೆ ಸಿಪ್ಪೆ ಥರ ಉಬ್ಬು ತಗ್ಗು, ಬರ್ತದೆ. ಸ್ಟಾವ್ಯಾಕ್ಸ್ ಥರ ಸ್ಟೇನ್‌ಲೆಸ್ ಡೈ ಸ್ಟೀಲ್ ಬೇಕು, ಹಾರ್ಡ್ ಮಾಡಿ ಆಮೇಲೆ ಡೈಮಂಡ್ ಪೇಸ್ಟಲ್ಲಿ ಹಂತ ಹಂತ ಇಳೀಬೇಕು. ನಮ್ಮಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಕೊನೇ ಪೇಸ್ಟ್ ಹಾಕುವಾಗ ಫ್ಯಾನ್ ಸಹ ಆಫ್ ಮಾಡಿಸ್ತಾರೆ, ಧೂಳು ಒಂದು ಕಣ ಬಿದ್ರೆ ಗೀರು ಅಂತ. ಅವರು ಮಾಡಿದ ಕೋರ್ (ಡೈಯ ಒಳಭಾಗ) ನೋಡಿದ್ರೆ ನಿಮ್ಮ ಮುಖ ಕಾಣ್ತದೆ.

ವಕ್ರೀಭವನ · ಜುಲೈ 16, ಮಧ್ಯಾಹ್ನ 12:20

ಶೆಟ್ರೇ, ಮುಖ ಕಾಣೋದು ಬೇರೆ, ಆಕಾರ ಸರಿ ಇರೋದು ಬೇರೆ. ಕೈ ಪಾಲಿಷ್ ಹೊಳಪು ಕೊಡುತ್ತೆ, ಆದ್ರೆ ಅಂಚುಗಳನ್ನ ಉರುಟು ಮಾಡುತ್ತೆ, ಮೇಲ್ಮೈಯಲ್ಲಿ ಉದ್ದುದ್ದ ಅಲೆ ಬಿಡುತ್ತೆ. ಆ ಅಲೆ ಹೊಳೀತಾ ಇರುತ್ತೆ, ಬೆಳಕನ್ನ ಮಾತ್ರ ಎಲ್ಲೆಲ್ಲಿಗೋ ಕಳಿಸುತ್ತೆ. ಅದಕ್ಕೇ ಕ್ಯಾಮೆರಾ ಥರದ ಲೆನ್ಸ್‌ಗೆ ಸ್ಟೀಲ್ ಮೇಲೆ ನಿಕ್ಕಲ್ ಫಾಸ್ಫರಸ್ ಲೇಪ ಕೊಟ್ಟು ಡೈಮಂಡ್ ಟರ್ನಿಂಗ್ ಮಾಡೋದು, ವಜ್ರದ ಮೊನೆಯಲ್ಲಿ ಕಡೆದ್ರೆ ಒರಟುತನ 10 ನ್ಯಾನೋಮೀಟರ್‌ಗಿಂತ ಕೆಳಗೇ ಬರುತ್ತೆ, ಪಾಲಿಷೇ ಬೇಡ.

ವಸಾಯಿ_ಶೆಟ್ರು · ಜುಲೈ 16, ಮಧ್ಯಾಹ್ನ 12:45

ಅದೆಲ್ಲ ಸರಿ ಅಮ್ಮ, ಟಾರ್ಚಿಗೆ ಯಾರು ಡೈಮಂಡ್ ಟರ್ನಿಂಗ್ ದುಡ್ಡು ಕೊಡ್ತಾರೆ? ಕ್ಯಾಮೆರಾ ಲೆನ್ಸಲ್ಲ ಇದು. ಎಲ್‌ಇಡಿ ಚಿಪ್ಪೇ ಒಂದೆರಡು ಮಿಮೀ ಅಗಲ, ಅಲ್ಲಿಗೇ ಬೆಳಕು ಹರಡಿ ಆಯ್ತು.

ಕಲಬುರ್ಗಿ_ಬಿಸಿಲು · ಜುಲೈ 16, ಮಧ್ಯಾಹ್ನ 12:50

ವಜ್ರದಲೆ ಸೀದಾ ಸ್ಟೀಲನ್ನ ಕೊರದ್ರ ಆಗಂಗಿಲ್ಲೇನ್ರಿ? ನಿಕ್ಕಲ್ ಯಾಕ ನಡುವ?

ಅಚ್ಚಿನಮನೆ · ಜುಲೈ 16, ಸಂಜೆ 6:15

ವಜ್ರ ಅಂದ್ರೆ ಶುದ್ಧ ಇಂಗಾಲ. ಕೊರೆಯೋ ಬಿಸಿಗೆ ಕಬ್ಬಿಣ ಆ ಇಂಗಾಲವನ್ನ ಎಳ್ಕೊಂಡು ಬಿಡುತ್ತೆ, ಮೊನೆ ನಿಮಿಷದಲ್ಲಿ ಮೊಂಡು. ನಿಕ್ಕಲ್ ಫಾಸ್ಫರಸ್‌ಗೆ ಆ ಚಾಳಿ ಇಲ್ಲ. ಐಟಿಯವರಾದ್ರೂ ಒಳ್ಳೇ ಪ್ರಶ್ನೆ ಕೇಳ್ತೀರ.

ಶೆಟ್ರಿಗೂ ಮೇಡಂಗೂ ನಡುವೆ ನನ್ನ ಮಾತು: ಟಾರ್ಚ್ ಲೆನ್ಸ್‌ಗೆ ಒಳ್ಳೇ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಕಡೆಯೋ ಯಂತ್ರ) ಫಿನಿಶ್ ಮಾಡಿ, ಪಾಲಿಷ್‌ಗೆ ಬಿಡೋದು ಎಷ್ಟು ಕಮ್ಮಿಯೋ ಅಷ್ಟು ಕಮ್ಮಿ ಬಿಟ್ರೆ ಕೈ ಪಾಲಿಷ್ ನಡೆಯುತ್ತೆ. ಮಿಲ್ಲಿಂಗ್ ಗೆರೆ ತೆಗೆಯೋಕೆ ಒರಟು ಕಲ್ಲಿಂದ ಅರ್ಧ ದಿನ ಉಜ್ಜಿದ್ರೆ ಆಕಾರ ಮಣ್ಣುಪಾಲು. ಬಸು ಅವರೇ ನಿಮ್ಮ ಕೋರ್ ಯಾವುದು?

ಭೋಸರಿ_ಬಸು · ಜುಲೈ 16, ರಾತ್ರಿ 10:30

ಡೈಯವಂಗ ಫೋನ್ ಹಚ್ಚಿ ಕೇಳಿದ್ನಿ. ಪುಣ್ಯಾಕ ಸ್ಟೀಲ್ ಛಲೋದ ಹಾಕ್ಯಾನ, ಹಾರ್ಡ್ ಮಾಡ್ಯಾನ. ಪಾಲಿಷ್ ಕೈಲೆ.

ಇನ್ನೊಂದು ಕೇಳ್ತೀನ್ರಿ. ಅಕ್ರಿಲಿಕ್ ಬಿಟ್ಟು ಪಾಲಿಕಾರ್ಬೊನೇಟ್ ಹಾಕಿದ್ರ? ನಮ್ಮಲ್ಲಿ ಒಂದೂವರೆ ಚೀಲ ಬಿದ್ದೈತಿ.

ಅಚ್ಚಿನಮನೆ · ಜುಲೈ 17, ಬೆಳಿಗ್ಗೆ 8:00

ಬಿದ್ದಿರೋ ಚೀಲಕ್ಕೋಸ್ಕರ ಮೆಟೀರಿಯಲ್ ಬದಲಾಯಿಸಬೇಡಿ ದಯವಿಟ್ಟು. ಪಿಸಿಯ (ಪಾಲಿಕಾರ್ಬೊನೇಟ್) ವಕ್ರೀಭವನಾಂಕ 1.585, ಅಕ್ರಿಲಿಕ್‌ಗೆ ಬರೆದ ವಕ್ರ ಅದಕ್ಕೆ ಹೊಂದಲ್ಲ, ಫೋಕಸ್ಸೇ ಬೇರೆ ಕಡೆ. ಬಣ್ಣ ಒಡೆಯೋದೂ ಪಿಸಿಯಲ್ಲಿ ಜಾಸ್ತಿ, ಆ್ಯಬೆ ಸಂಖ್ಯೆ ಅಕ್ರಿಲಿಕ್‌ಗೆ ಸುಮಾರು 57, ಪಿಸಿಗೆ ಸುಮಾರು 30, ಈ ಸಂಖ್ಯೆ ಕಮ್ಮಿಯಾದಷ್ಟೂ ಕಾಮನಬಿಲ್ಲು ಜಾಸ್ತಿ. ಬೆಳಕು ದಾಟೋದೂ ಅಕ್ರಿಲಿಕ್‌ನಲ್ಲಿ 92%, ಪಿಸಿಯಲ್ಲಿ 88–89. ಅಕ್ರಿಲಿಕ್‌ನ ಉಳಿದ 8 ಎಲ್ಲಿ ಹೋಯ್ತು ಅಂದ್ರೆ ಪ್ಲಾಸ್ಟಿಕ್ ನುಂಗಿದ್ದಲ್ಲ, ಎರಡು ಮೇಲ್ಮೈಯಲ್ಲಿ ತಲಾ ಸುಮಾರು 4 ವಾಪಸ್ ಹೋಗಿದ್ದು.

ಪಿಸಿ ಬೇಕಾಗೋದು ಪೆಟ್ಟು ಮತ್ತು ಬಿಸಿ ಎರಡಕ್ಕೆ. ಹೆಡ್‌ಲ್ಯಾಂಪಿನ ಹೊರಗಿನ ಗಾಜು ಅಂತೀವಲ್ಲ, ಅದು ಗಾಜಲ್ಲ, ಪಿಸಿ, ಕಲ್ಲು ಬಡಿದ್ರೂ ಒಡೆಯಬಾರದು. ಆದ್ರೆ ಪಿಸಿ ಬಿಸಿಲಿಗೆ ಹಳದಿಯಾಗುತ್ತೆ, ಬೇಗ ಗೀರು ಬೀಳುತ್ತೆ, ಅದಕ್ಕೆ ಮೇಲೆ ಹಾರ್ಡ್ ಕೋಟ್ ಬೇಕೇ ಬೇಕು. ಹತ್ತು ವರ್ಷದ ಹಳೇ ಕಾರುಗಳ ಕಣ್ಣಿಗೆ ಪೊರೆ ಬಂದಿರೋದು ನೋಡಿದ್ದೀರಲ್ಲ, ಆ ಕೋಟ್ ಸವೆದಿದ್ದು.

ಕಲಬುರ್ಗಿ_ಬಿಸಿಲು · ಜುಲೈ 17, ಬೆಳಿಗ್ಗೆ 9:10

ಕಣ್ಣಿನ ಪೊರಿ ಅಂದ್ರಿ, ನಮ್ಮವ್ವಗ ಹೋದ ವರ್ಷ ಆಪರೇಷನ್ ಆತು, ಒಳಗ ಲೆನ್ಸ್ ಹಾಕ್ಯಾರ. ಅದೂ ಹಿಂಗ ಮಷೀನ್ಯಾಗ ಒತ್ತಿದ್ದೇನ್ರಿ? ನನ್ನ ಚಾಳೀಸೂ?

ವಕ್ರೀಭವನ · ಜುಲೈ 17, ಬೆಳಿಗ್ಗೆ 10:40

ನಿಮ್ಮ ತಾಯಿದು ಹೆಚ್ಚಾಗಿ ಮಡಚೋ ಅಕ್ರಿಲಿಕ್ ಇರುತ್ತೆ. ಆ ಕತೆ ಚೆನ್ನಾಗಿದೆ, ಲಂಡನ್ನಿನ ಹೆರಾಲ್ಡ್ ರಿಡ್ಲಿ ಅನ್ನೋ ಕಣ್ಣಿನ ವೈದ್ಯರು ಎರಡನೇ ಮಹಾಯುದ್ಧದ ಪೈಲಟ್‌ಗಳ ಕಣ್ಣಲ್ಲಿ ಕಾಕ್‌ಪಿಟ್ ಮುಚ್ಚಳದ ಪರ್ಸ್ಪೆಕ್ಸ್ ಚೂರು ಸಿಕ್ಕಿಹಾಕ್ಕೊಂಡಿದ್ರೂ ಕಣ್ಣು ಕೆರಳ್ತಾ ಇಲ್ಲ ಅನ್ನೋದನ್ನ ಗಮನಿಸಿದ್ರು, 1949ರಲ್ಲಿ ಅದೇ ಪ್ಲಾಸ್ಟಿಕ್‌ನಲ್ಲಿ ಲೆನ್ಸ್ ಮಾಡಿ ಕೂರಿಸಿದ್ರು. ಪರ್ಸ್ಪೆಕ್ಸ್ ಅಂದ್ರೆ ಬಸು ಅವರ ಅಕ್ರಿಲಿಕ್ಕೇ. ನಮ್ಮ ದೇಶದಲ್ಲಿ ಮದುರೈನ ಆರೋಲ್ಯಾಬ್ 1992ರಿಂದ ಮಾಡ್ತಾ ಇದೆ. ಆದ್ರೆ ಕಣ್ಣೊಳಗಿನ ಲೆನ್ಸನ್ನ ಸಾಮಾನ್ಯವಾಗಿ ಲೇಥಲ್ಲಿ ಕಡೆಯೋದು.

ಚಾಳೀಸು ಸಿಆರ್-39 ಅನ್ನೋ ಪ್ಲಾಸ್ಟಿಕ್ ಆಗಿದ್ರೆ ಅದೂ ಇಂಜೆಕ್ಷನ್ ಅಲ್ಲ, ಎರಡು ಗಾಜಿನ ಅಚ್ಚಿನ ನಡುವೆ ದ್ರವ ಸುರಿದು ಗಂಟೆಗಟ್ಟಲೆ ನಿಧಾನ ಬೇಯಿಸಿ ಗಟ್ಟಿ ಮಾಡೋದು. ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗಲ್ಲ. ಪಿಸಿ ಕನ್ನಡಕ ಮಾತ್ರ ಮಷೀನಲ್ಲಿ ಒತ್ತಿದ್ದು. ನಿಮ್ಮ ಜೇಬಿನ ಮೊಬೈಲ್ ಕ್ಯಾಮೆರಾದಲ್ಲೂ ಐದಾರು ಪ್ಲಾಸ್ಟಿಕ್ ಲೆನ್ಸ್ ಒಂದರ ಹಿಂದೆ ಒಂದು ಇರುತ್ತೆ. ಸಾಕು, ಬಸು ಅವರ ಟಾರ್ಚಿಗೆ ಬರೋಣ.

ಅಚ್ಚಿನಮನೆ · ಜುಲೈ 17, ರಾತ್ರಿ 9:00

ಸೈಕಲ್ ವಿಷಯ ಹೇಳೋದಿತ್ತು, ಇದು ಕಹಿ. ತಣ್ಣಗಾಗೋ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. 2 ಮಿಮೀ ಗೋಡೆ 9 ಸೆಕೆಂಡಲ್ಲಿ ತಣ್ಣಗಾದ್ರೆ 4 ಮಿಮೀ 36 ಸೆಕೆಂಡು, 12 ಮಿಮೀಗೆ 36 ಪಟ್ಟು, ಅಂದ್ರೆ 324 ಸೆಕೆಂಡು, ಐದು ನಿಮಿಷದ ಮೇಲೆ. ನೀವು 48ಕ್ಕೆ ಬಾಗಿಲು ತೆಗೀತಿದ್ದೀರ, ಒಳಗೆ ಇನ್ನೂ ಪಾಕ ಇದೆ. ಡಬ್ಬಿಗೆ ಬಿದ್ದ ಮೇಲೆ ಅದರ ಪಾಡಿಗೆ ಕುಗ್ಗಿಕೊಂಡು ಗೋಡೆ ಎಳ್ಕೊಳ್ತಿದೆ.

ಮೋಲ್ಡ್ ತಣ್ಣಗಿಟ್ರೆ ಬೇಗ ಆಗುತ್ತಲ್ಲ ಅಂತೀರ. ಸ್ವಲ್ಪ ಬೇಗ ಆಗುತ್ತೆ, ಆದ್ರೆ ಒಳಗೆ ಒತ್ತಡ ಸಿಕ್ಕಿಹಾಕ್ಕೊಳ್ಳುತ್ತೆ, ಮೇಲ್ಮೈ ಅಚ್ಚಿಗೆ ಸರಿಯಾಗಿ ಅಂಟಲ್ಲ. ಅಕ್ರಿಲಿಕ್‌ಗೆ 70–80 ಡಿಗ್ರಿ ಬಿಸಿ ನೀರು ಬಿಡಿ, ಚಿಲ್ಲರ್ ಬಂದ್ ಮಾಡಿ ಎಮ್‌ಟಿಸಿ (ಮೋಲ್ಡ್ ಬಿಸಿ ಹಿಡಿದಿಡೋ ಯಂತ್ರ) ಹಾಕಿ. ದಾಣಾ ನಾಲ್ಕು ಗಂಟೆ 80–85ರಲ್ಲಿ, ಡೀಹ್ಯೂಮಿಡಿಫೈ ಮಾಡಿದ, ಅಂದ್ರೆ ತೇವ ತೆಗೆದ ಗಾಳಿಯಲ್ಲಿ. ಜುಲೈ ತಿಂಗಳ ಭೋಸರಿ ಗಾಳಿನ ಬಿಸಿ ಮಾಡಿ ಊದಿದ್ರೆ ನೀರನ್ನೇ ಊದಿದ ಹಾಗೆ. ಸ್ಕ್ರೂ ಬ್ಯಾರೆಲ್ ಬಿಚ್ಚಿ ತೊಳೀರಿ, ಎಬಿಎಸ್ ಓಡಿಸಿದ ಬ್ಯಾರೆಲ್‌ನಲ್ಲಿ ಲೆನ್ಸ್ ತೆಗೆದ್ರೆ ತಿಂಗಳಾದ್ರೂ ಕರೀ ಚುಕ್ಕೆ ಉದುರ್ತಾ ಇರುತ್ತೆ. ರೀಗ್ರೈಂಡ್ (ಪುಡಿ ಮಾಡಿದ ಹಳೇ ಮಾಲು) ಒಂದು ಮುಷ್ಟಿನೂ ಬೇಡ.

ಗೇಟನ್ನ ಫ್ಲ್ಯಾಂಜ್ (ಲೆನ್ಸ್ ಸುತ್ತಲಿನ ಅಂಚು ಪಟ್ಟಿ) ಕಡೆ 3 ಮಿಮೀ ದಪ್ಪ, 8 ಅಗಲ ಮಾಡಿಸಿ. ಚಟ್ ಅಂತ ಮುರಿಯಲ್ಲ, ಗರಗಸದಲ್ಲಿ ಕತ್ತರಿಸಬೇಕು. ಕಟರ್ ಹಾಕಿ ಚಿವುಟಬೇಡಿ, ಬಿರುಕು ಒಳಗೆ ಓಡುತ್ತೆ.

ಭೋಸರಿ_ಬಸು · ಜುಲೈ 17, ರಾತ್ರಿ 9:20

ಐದು ನಿಮಿಷಕ್ಕ ಒಂದು ಪೀಸ್?? ತಾಸಿಗೆ ಹನ್ನೆರಡು? ನಾ ರೇಟ್ ಕೊಟ್ಟಿದ್ದು 50 ಸೆಕೆಂಡ್ ಲೆಕ್ಕದಾಗ್ರಿ ಅಣ್ಣಾರ. 😭 ಪೀಸ್ ತಗದು ನೀರಿನ ಬಕೆಟ್‌ನ್ಯಾಗ ಹಾಕಿದ್ರ?

ವೆರ್ಣಾ_ನಾಯ್ಕ · ಜುಲೈ 17, ರಾತ್ರಿ 11:05

ಬಕೆಟ್ ಮಾತ್ರ ಬೇಡ. ನಾನು ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಕ್ವಾಲಿಟಿ ನೋಡ್ತೇನೆ, ಮೂಲ ಅಂಕೋಲಾ. ನಾವು ಒಂದು ಲೈಟ್ ಗೈಡ್ (ಬೆಳಕು ಸಾಗಿಸುವ ಪ್ಲಾಸ್ಟಿಕ್ ಪೀಸು) ಮಾಡ್ತಿದ್ದಾಗ ಸೂಪರ್‌ವೈಸರ್ ಒಬ್ಬರು ಹೀಗೇ ತಣ್ಣೀರಿಗೆ ಹಾಕಿಸಿದ್ರು. ಪೀಸು ಚೆಂದ ಇತ್ತು, ಡೈಮೆನ್ಷನ್ ಪಾಸು. ಪ್ಯಾಕಿಂಗ್‌ಗೆ ಮುಂಚೆ ಬೆರಳ ಗುರುತು ಹೋಗ್ಲಿ ಅಂತ ಹುಡುಗಿಯರು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದ್ರು. ಮಾರನೇ ಬೆಳಿಗ್ಗೆ ಪೆಟ್ಟಿಗೆ ತೆಗೆದ್ರೆ ಗೇಟ್ ಸುತ್ತ ಕೂದಲೆಳೆಯಂಥ ಸಾವಿರ ಬಿರುಕು, ಬೆಳಕಿಗೆ ಹಿಡಿದ್ರೆ ಮೀನಿನ ಹುರುಪೆ ಹಾಗೆ ಮಿಂಚ್ತಿತ್ತು. 1,400 ಪೀಸು ಗುಜರಿಗೆ. ಒಳಗಿನ ಒತ್ತಡ ಮತ್ತೆ ಸ್ಪಿರಿಟ್ ಎರಡು ಸೇರಿದ್ರೆ ಅಕ್ರಿಲಿಕ್ ಹಾಗೇ ಸೀಳ್ತದೆ. ಈಗ ನಾವು ಸೋಪಿನ ನೀರಷ್ಟೇ.

ಒತ್ತಡ ನೋಡ್ಲಿಕ್ಕೆ ಮಷೀನು ಬೇಡ. ಲ್ಯಾಪ್‌ಟಾಪಲ್ಲಿ ಖಾಲಿ ಬಿಳಿ ಪೇಜ್ ತೆಗೀರಿ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಸ್ಕ್ರೀನ್ ಮುಂದೆ ಹಿಡಿದು ತಿರುಗಿಸಿ, ಒಂದು ಕೋನದಲ್ಲಿ ಸ್ಕ್ರೀನ್ ಕಪ್ಪಾಗ್ತದೆ. ಅಲ್ಲಿಗೆ ನಿಲ್ಲಿಸಿ, ಸ್ಕ್ರೀನಿಗೂ ಗ್ಲಾಸಿಗೂ ಮಧ್ಯ ಲೆನ್ಸ್ ಹಿಡೀರಿ. ಒತ್ತಡ ಇದ್ದಲ್ಲಿ ಬಣ್ಣಬಣ್ಣದ ಪಟ್ಟೆ ಕಾಣ್ತದೆ. ಎಲ್‌ಸಿಡಿ ಸ್ಕ್ರೀನಿಂದ ಬರುವ ಬೆಳಕು ಮೊದಲೇ ಪೋಲರೈಸ್ ಆಗಿರ್ತದೆ, ಅದ್ಕೆ.

ಭೋಸರಿ_ಬಸು · ಜುಲೈ 18, ಬೆಳಿಗ್ಗೆ 7:45

ಮಗಳ ಲ್ಯಾಪ್‌ಟಾಪ್, ಅಳಿಯಾನ ಗಾಗಲ್. ಯಪ್ಪಾ ಯಪ್ಪಾ. ಗೇಟ್ ಕಡೆ ನವಿಲಗರಿ ಬಿಚ್ಚಿಧಂಗ ಐತಿ. ಇಷ್ಟು ದಿನ ಇದ್ನ ನೀರಿನಂಗ ಅಂತ ಹೊಗಳ್ಕೋತ ಕುಂತಿದ್ನಿ. ಮನೀ ಮಂದಿ ಎಲ್ಲಾ ಬಂದು ನೋಡ್ಯಾರ, ಈಗ ಫೂಟಪಟ್ಟಿ, ಕಂಪಾಸ್ ಡಬ್ಬಿ ಎಲ್ಲಾ ಹಿಡದು ನೋಡಾಕತ್ತಾರ.

ವಕ್ರೀಭವನ · ಜುಲೈ 18, ಮಧ್ಯಾಹ್ನ 2:00

ಸೈಕಲ್ ಕಮ್ಮಿ ಮಾಡೋಕೆ ಒಂದೇ ನ್ಯಾಯವಾದ ದಾರಿ, ದಪ್ಪ ಕಮ್ಮಿ ಮಾಡೋದು. ನಿಮ್ಮ ಡ್ರಾಯಿಂಗ್ ನೋಡಿದೆ (ಕಳಿಸಿದ್ದಕ್ಕೆ ಥ್ಯಾಂಕ್ಸ್). ನಡುವಿನ 12 ಮಿಮೀ ಪೂರ್ತಿ ಬೇಕಿಲ್ಲ. ಮೇಲಿನ ಮುಖದ ನಡುವಿನ ಭಾಗವನ್ನ ಕೆಳಗೆ ಇಳಿಸಿ, ಅಲ್ಲೇ ಉಬ್ಬು ಕೊಟ್ರೆ ನಡುವೆ 8 ಮಿಮೀ ಸಾಕು. ಪಕ್ಕದ ಗೋಡೆ ವಕ್ರ ಹಾಗೇ ಇರಲಿ, ಆ ಇನ್ಸರ್ಟ್ (ಡೈಯೊಳಗೆ ಕೂರಿಸೋ ಸ್ಟೀಲ್ ತುಂಡು) ಮುಟ್ಟೋದೇ ಬೇಡ, ಮೇಲಿನ ಇನ್ಸರ್ಟ್ ಮಾತ್ರ ಹೊಸದು. ಟೆಕ್ಸ್ಚರೂ ಅದರಲ್ಲೇ ಹೋಗುತ್ತೆ. 12ರಿಂದ 8 ಅಂದ್ರೆ ಸಮಯ ಅರ್ಧಕ್ಕೂ ಕಮ್ಮಿ ಆಯ್ತು, ಸುಮಾರು 145 ಸೆಕೆಂಡು.

ಪೀಸನ್ನ ಹೊರಗೆ ತಳ್ಳೋ ಎಜೆಕ್ಟರ್ ಪಿನ್ ಎಲ್ಲಾ ಫ್ಲ್ಯಾಂಜ್ ಮೇಲಿರಲಿ. ಮತ್ತೆ ಕಸ್ಟಮರ್‌ಗೆ ಹೇಳಿ, ಜೋಡಿಸುವಾಗ ಬಟ್ಟಲಿನ ಹೊರಗೋಡೆಗೆ ಅಂಟು ಹಚ್ಚಬಾರದು. ಅಲ್ಲಿ ಹೊರಗೆ ಗಾಳಿ ಇರೋದ್ರಿಂದಲೇ ಬೆಳಕು ವಾಪಸ್ ಬರೋದು, ಅಂಟು ತಾಗಿದ ಕಡೆ ಬೆಳಕು ಸೋರಿ ಹೋಗುತ್ತೆ.

ಇನ್ಸರ್ಟ್ ಕಡಿಸೋ ಮುಂಚೆ ಅಕ್ರಿಲಿಕ್ ರಾಡಿಂದ ಒಂದು ಪೀಸ್ ಲೇಥಲ್ಲಿ ಕಡೆಸಿ, ಪಾಲಿಷ್ ಮಾಡಿ, ಎಲ್‌ಇಡಿ ಮೇಲಿಟ್ಟು ನೋಡಿ. ಸ್ಪಾಟ್ ಬಂದ್ರೆ ಡಿಸೈನ್ ಸರಿ, ಆಮೇಲೆ ಏನೇ ಕೆಟ್ರೂ ಮೋಲ್ಡಿಂಗ್‌ದು ಅಂತ ಗೊತ್ತಾಗುತ್ತೆ, ನೀವು ಮೂರು ಜನ ಜಗಳ ಆಡೋದು ತಪ್ಪುತ್ತೆ.

ವಸಾಯಿ_ಶೆಟ್ರು · ಜುಲೈ 18, ಸಂಜೆ 5:30

ಅಮ್ಮ ಹೇಳಿದ್ದು ಸರಿ ಉಂಟು. ಇನ್ಸರ್ಟ್ ಬೇಕಾದ್ರೆ ಕಳಿಸಿ, ಮೇಸ್ತ್ರಿ ಹತ್ರ ಪಾಲಿಷ್ ಮಾಡಿಸಿ ಕೊಡ್ತೇನೆ. ಒಂದು ಮಾತು, ಮೊದಲ ಶಾಟಿಗೇ ಸೈಜು ಬರ್ತದೆ ಅಂತ ನಂಬಬೇಡಿ. ಅಕ್ರಿಲಿಕ್ ಅರ್ಧ ಪರ್ಸೆಂಟ್ ಚಿಲ್ಲರೆ ಕುಗ್ಗುದು ಎಲ್ಲರಿಗೂ ಗೊತ್ತುಂಟು, ಆದ್ರೆ ದಪ್ಪ ಇದ್ದಲ್ಲಿ ಒಂದು ಥರ, ತೆಳು ಇದ್ದಲ್ಲಿ ಒಂದು ಥರ ಕುಗ್ಗುದು. ಪೀಸ್ ಅಳೆದು ಇನ್ಸರ್ಟ್ ಇನ್ನೊಮ್ಮೆ ತಿದ್ದುದಕ್ಕೆ ಸ್ಟೀಲ್ ಉಳಿಸಿಕೊಂಡಿರಿ.

ಭೋಸರಿ_ಬಸು · ಅಕ್ಟೋಬರ್ 26, ರಾತ್ರಿ 9:15

ದಸರಾ ಹೋತು, ದೀಪಾವಳಿ ಬಂತು, ಈಗ ಬರಾಕತ್ತೀನಿ, ಕ್ಷಮಾ ಇರ್ಲಿ.

ರಾಡಿಂದ ಕಡದ ಪೀಸ್ ಮೊದಲ ತಗದ್ವಿ, ಸ್ಪಾಟ್ ಬಂತು, ಅದನ್ನ ಕಸ್ಟಮರ್ ಟೇಬಲ್ ಮ್ಯಾಲ ಇಟ್ಟು ಹಚ್ಚಿ ತೋರಿಸಿದ್ನಿ. ಆಮ್ಯಾಲ ಅಂವ ಡೈ ತಪ್ಪು ಅನ್ನೂದು ಬಿಟ್ಟ. ಇನ್ಸರ್ಟ್ ಹೊಸಾದು, ಶೆಟ್ರ ಮೇಸ್ತ್ರಿ ಪಾಲಿಷ್. ಗೇಟ್ ದಪ್ಪ ಮಾಡಿಸಿ, ಕತ್ತರಸಾಕ ಸಣ್ಣ ಗರಗಸದ ಜಿಗ್ ನಾನ ಮಾಡೀನಿ. ಡ್ರೈಯರ್ ಸೆಕೆಂಡ್ ಹ್ಯಾಂಡ್ ಸಿಕ್ತು. ಮೊದಲ ಇನ್ಸರ್ಟ್‌ಗೆ ಒಮ್ಮಿ ತಿದ್ದುಪಡಿ ಬಿತ್ತು, ಶೆಟ್ರು ಹೇಳಿಧಂಗ. ಸೈಕಲ್ ಈಗ 165. ಗುಳ್ಳಿ ಇಲ್ಲ. ಗಾಗಲ್ ಹಾಕಿ ನೋಡಿದ್ರ ಗೇಟ್ ಕಡೆ ಒಂಚೂರು ಬಣ್ಣ ಉಳದೈತಿ, 80 ಡಿಗ್ರಿ ಓವನ್ನಾಗ ನಾಕು ತಾಸು ಇಟ್ಟು ನಿಧಾನ ಆರಿಸಿದ್ರ ಅದೂ ಕಮ್ಮಿ ಆಗ್ತೈತಿ. ಗುರುವಾರ ಎಮ್‌ಐಡಿಸಿ ಸೂಟಿ, ಅವತ್ತ ಓವನ್ ಒಂದ ಹಚ್ಚಿಟ್ಟು ಕುಂದರ್ತೀನಿ.

ರೇಟಿಗೆ ಎರಡು ವಾರ ಗುದ್ದಾಡಿದ್ವಿ. ನಾ ಕೇಳಿದಷ್ಟು ಕೊಡ್ಲಿಲ್ಲ, ಅಂವ ಅಂದಷ್ಟಕ್ಕ ನಾ ಒಪ್ಪಲಿಲ್ಲ, ನಡುವ ನಿಂತೈತಿ.

ಇನ್ನ ಒಂದ ಒಂದು ಸಮಸ್ಯಾ ಉಳದೈತಿ. ನಿನ್ನಿ ರಾತ್ರಿ ಮಾಳಗಿ ಮ್ಯಾಲ ನಿಂತು ಎದುರಿನ ಬಿಲ್ಡಿಂಗ್ ಗ್ವಾಡಿಗೆ ಹೊಡದ್ನಿ. ದುಂಡಗ, ಬೆಳ್ಳಗ, ನಡುವ ಕತ್ತಲ ಇಲ್ಲ. ಆದ್ರ ಸ್ಪಾಟಿನ ಎಡಕ್ಕ ಒಂದು ಕಡೆ ಮಸುಕ, ಚಂದ್ರಗ್ರಹಣ ಈಗ ಶುರು ಆತೇನೋ ಅನ್ನೂವಂಗ. ಗೇಟ್ ಇದ್ದ ಕಡಿದಿರಬಹುದೇನ್ರಿ?

ವಕ್ರೀಭವನ · ಅಕ್ಟೋಬರ್ 26, ರಾತ್ರಿ 9:40

ಟಾರ್ಚ್ ಹಾಗೇ ಹಿಡಿದು ಲೆನ್ಸ್ ಒಂದನ್ನೇ ಮೂರನೇ ಒಂದು ಸುತ್ತು ತಿರುಗಿಸಿ ಕೂರಿಸಿ, ಮೂರು ಕಾಲಿದೆಯಲ್ಲ. ಮಸುಕು ಜೊತೆಗೇ ತಿರುಗಿದ್ರೆ ಲೆನ್ಸ್‌ದು. ತಿರುಗದೇ ಎಡಕ್ಕೇ ನಿಂತ್ರೆ ನಿಮ್ಮದಲ್ಲ.

ಭೋಸರಿ_ಬಸು · ಅಕ್ಟೋಬರ್ 26, ರಾತ್ರಿ 10:20

ಮೂರೂ ಕಡೆ ತಿರುಗಿಸಿ ನೋಡಿದ್ನಿ ಮೇಡಮ್ಮಾರ. ಅಲ್ಲೇ ಎಡಕ್ಕ ನಿಂತೈತಿ, ಸರಿಯವಲ್ಲದು. ಬಿಚ್ಚಿ ನೋಡಿದ್ರ ಅವರ ಎಲ್‌ಇಡಿ ಬೋರ್ಡು ಒಂದು ಸ್ಕ್ರೂ ಕಡೆ ಎತ್ತಿ ಸೊಟ್ಟ ಕುಂತೈತಿ, ಕೆಳಗ ಸೋಲ್ಡರ್ ಗಡ್ಡಿ. ಫೋಟೋ ಹೊಡದೀನಿ. ಕಸ್ಟಮರ್ ಮಲಗಿರ್ತಾನ, ಆದ್ರೂ ಈಗ ಕಳಸಾಂವ.